ಸೋಮವಾರ ಸಂಜೆಯ ಹಾಲು

ಕಂಬದಕೆರೆಯ ಡೈರಿಯಲ್ಲಿ ಹಾಲು ಹಾಕಬೇಕಾದರೆ ಮೊದಲು ಊದಬೇಕಿತ್ತು.

ಹಾಲಿನ ತೊಟ್ಟಿಯ ಪಕ್ಕದ ಗೋಡೆಗೆ ಇಡ್ಲಿ ಪಾತ್ರೆಯಷ್ಟು ದೊಡ್ಡದಾದ ಬಿಳಿ ಡಬ್ಬಿಯೊಂದನ್ನು ಕೂರಿಸಿದ್ದರು. ಸರದಿ ಬಂದವರು ತಮ್ಮ ನಂಬರು ಒತ್ತಿ, ಡಬ್ಬಿಯ ಮೂತಿಗೆ ಕಾಗದದ ಕೊಳವೆ ಸಿಕ್ಕಿಸಿ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಊದಬೇಕು. ದೀಪ ಹತ್ತಿದ ಮೇಲೆ ತೊಟ್ಟಿಯ ಮುಚ್ಚಳ ತೆರೆದುಕೊಳ್ಳುತ್ತದೆ, ಆಮೇಲೆ ಹಾಲು. ಹದಿನೆಂಟು ವರ್ಷದ ಹಿಂದೆ ಡಬ್ಬಿ ಬಂದ ಹೊಸದರಲ್ಲಿ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಹಾಲಿಗೆ ನೀರು ಬೆರೆಸಿದವರ ಉಸಿರು ಅದಕ್ಕೆ ಗೊತ್ತಾಗುತ್ತದೆ ಎಂದು ಯಾರೋ ಹಬ್ಬಿಸಿದ್ದರಿಂದ ಆರು ತಿಂಗಳು ಊರಿನ ಹಾಲು ಗಟ್ಟಿಯಾಗಿತ್ತು. ಸಂಘದ ಕಾರ್ಯದರ್ಶಿ ಲೋಹಿತ ಆ ಸುದ್ದಿಯನ್ನು ಅಲ್ಲಗಳೆಯಲು ಹೋಗಲಿಲ್ಲ.

ಡಬ್ಬಿಗೆ ಬೇಕಾಗಿದ್ದುದು ಬೇರೆ. ಮನುಷ್ಯನ ಉಸಿರಿನಲ್ಲಿ ಗಾಳಿಯ ಜೊತೆಗೆ ನೂರಾರು ವಸ್ತುಗಳು ಎಳ್ಳಿನಷ್ಟು, ಸಾಸಿವೆಯಷ್ಟು ಬೆರೆತಿರುತ್ತವೆ. ಮೈಯ ಸಕ್ಕರೆ ಕೆಟ್ಟರೆ, ಹೊಟ್ಟೆ ಬರಿದಾಗಿದ್ದರೆ ಅಸಿಟೋನ್ ಏರುತ್ತದೆ. ಮೂತ್ರಪಿಂಡ ಸೋತರೆ ಅಮೋನಿಯಾ. ಡಬ್ಬಿ ಒಬ್ಬರ ಉಸಿರನ್ನು ಇನ್ನೊಬ್ಬರದರ ಜೊತೆ ಹೋಲಿಸುತ್ತಿರಲಿಲ್ಲ. ಇವತ್ತಿನ ನಿಮ್ಮನ್ನು ನಿನ್ನೆಯ ನಿಮ್ಮ ಪಕ್ಕದಲ್ಲಿ, ಹೋದ ವರ್ಷದ ನಿಮ್ಮ ಪಕ್ಕದಲ್ಲಿ ಇಟ್ಟು ನೋಡುತ್ತಿತ್ತು. ದಿನಕ್ಕೆ ಎರಡು ಸಲ, ವರ್ಷಗಟ್ಟಲೆ, ಹಬ್ಬ ಹುಣ್ಣಿಮೆ ಎನ್ನದೆ ಒಂದೇ ಜಾಗಕ್ಕೆ ಬಂದು ನಿಲ್ಲುವ ಜನ ಹಾಲು ಹಾಕುವವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅದಕ್ಕೇ ಡಬ್ಬಿ ಆಸ್ಪತ್ರೆಗೆ ಹೋಗದೆ ಡೈರಿಗೆ ಬಂತು. ಕಾಯಿಲೆ ಮೈಮೇಲೆ ಕಾಣುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಕೆಂಪು ದೀಪ ಹತ್ತಿ ಚೀಟಿಯೊಂದು ಹೊರಗೆ ಬರುತ್ತಿತ್ತು. ಆ ವಾರದಲ್ಲೇ ಹಾಲು ಒಕ್ಕೂಟದ ಆಸ್ಪತ್ರೆಯಿಂದ ಕರೆ.

ಇದು ನಂಬರು ಇದ್ದವರ ಮಾತು. ತಾಲ್ಲೂಕಿನಲ್ಲಿ ಉಳಿದಿದ್ದು ಆ ಆಸ್ಪತ್ರೆ ಒಂದೇ. ನಂಬರಿಲ್ಲದವರಿಗೆ ತಿಂಗಳ ಮೊದಲ ಗುರುವಾರ ಅಲ್ಲಿ ಸರದಿ ಇರುತ್ತಿತ್ತು. ನಿಂತು ಚೀಟಿ ಪಡೆದರೆ ಎಂಟು ತಿಂಗಳಿಗೆ ಪರೀಕ್ಷೆಯ ದಿನ ಸಿಗುತ್ತಿತ್ತು.

ನೂರ ನಲವತ್ತು ಊರಿನ ಸಂಘಗಳು ಸೇರಿ ಕಟ್ಟಿದ ಆ ಒಕ್ಕೂಟಕ್ಕೆ ಆಸ್ಪತ್ರೆಯಂತೆ ಒಂದು ಕಾಲೇಜೂ ಇತ್ತು. ಹಾಲು ತಣಿಸುವ ಘಟಕದ ಮಹಡಿಯ ಮೇಲೆ ನಾಲ್ಕು ಕೋಣೆ. ಕೆಳಗೆ ಕಂಪ್ರೆಸರ್ ಶುರುವಾದಾಗ ಮೇಲೆ ಬೆಂಚುಗಳು ಸಣ್ಣಗೆ ನಡುಗುತ್ತಿದ್ದವು. ಅಲ್ಲಿ ಆರೋಗ್ಯ ಮಾಹಿತಿ ಶಾಸ್ತ್ರದ ಪದವಿ ಕಲಿಸುತ್ತಿದ್ದರು. ಆರು ತಿಂಗಳು ಪಾಠ, ಆರು ತಿಂಗಳು ಸಂಘದ ಕೆಲಸ, ಹೀಗೆ ಮೂರು ವರ್ಷ. ತನ್ನ ಊರಿನ ಉಸಿರನ್ನು ತಾನೇ ಓದಬೇಕೆಂಬುದು ಕಾಲೇಜಿನ ಕ್ರಮ. ಹೊರಗಿನವರಿಗೆ ಅಂಕಿಯಾಗಿ ಕಾಣುವುದು ಊರಿನವರಿಗೆ ಮನುಷ್ಯರಾಗಿ ಕಂಡೀತೆಂದು ಮೊದಲಿನವರು ಹಾಗೆ ಮಾಡಿದ್ದರು. ಆಮೇಲೆ ಬಂದವರು, ಅದೂ ಅಪಾಯವೆಂದು, ದಾಖಲೆಗಳಿಂದ ಹೆಸರು ಅಳಿಸಿ ನಂಬರು ಮಾತ್ರ ಉಳಿಸಿದರು. ಹಾಲಿನ ಊರಿನಲ್ಲಿ ನಂಬರೇ ಹೆಸರು ಎಂಬುದು ಅವರಿಗೆ ಹೊಳೆಯಲಿಲ್ಲ.

ದೇವೀರಮ್ಮ ಕೊನೆಯ ವರ್ಷದಲ್ಲಿದ್ದಳು. ಆ ಕಾಲಕ್ಕೆ ಮಕ್ಕಳಿಗೆ ಮುತ್ತಜ್ಜಿಯರ ಹೆಸರಿಡುವುದು ಮತ್ತೆ ರೂಢಿಗೆ ಬಂದಿತ್ತು. ಅವಳ ತರಗತಿಯಲ್ಲಿ ಇಬ್ಬರು ಮಂಚಮ್ಮಂದಿರು, ಒಬ್ಬ ಕರೀಗೌಡ ಇದ್ದರು. ಅವರ ತಾಯಂದಿರ ಹೆಸರು ಸಿಂಚನ, ಮೋನಿಷಾ ಎಂದೆಲ್ಲ. ದೇವೀರಮ್ಮನ ತಾಯಿ ಇಂಚರ, ಐವತ್ತು ದಾಟಿದವಳು, ಎರಡು ಹಸು ಕಟ್ಟಿದ್ದಳು. ಅವಳ ನಂಬರು ಇನ್ನೂರ ಹದಿನಾಲ್ಕು. ತಂದೆಗೆ ಒಕ್ಕೂಟದ ಪಶು ಆಹಾರ ಕಾರ್ಖಾನೆಯಲ್ಲಿ ಕೆಲಸ. ಅವನೊಬ್ಬನಿಗೆ ಕಾರ್ಖಾನೆಯ ಕಡೆಯಿಂದಲೇ ಆಸ್ಪತ್ರೆ.

ಕೊನೆಯ ವರ್ಷದ ಕೆಲಸವನ್ನು ಕೊಟ್ಟವರು ಫರ್ಹಾನಾ ಮೇಡಂ. ರಾಮನಗರದ ರೇಷ್ಮೆ ಬಿಚ್ಚುವವರ ಮನೆಯ ಹೆಂಗಸು. ಎಳೆ ಕಡಿದುಹೋದರೆ ಎಲ್ಲಿ ಕಡಿಯಿತೆಂದು ಹುಡುಕದೆ ಬಿಡುವವರಲ್ಲ ಎಂದು ಮಕ್ಕಳು ಹೇಳುತ್ತಿದ್ದರು.

“ನಿಮ್ಮೂರಿನ ಮೂರು ವರ್ಷದ ಉಸಿರು ಇದು,” ಎಂದಿದ್ದರು. “ಹೊಂದದ ಸಾಲನ್ನೆಲ್ಲ ತೆಗಿ. ಈರುಳ್ಳಿ ಬೋಂಡ ತಿಂದು ಊದಿರ್ತಾರೆ, ಕುಡ್ದು ಊದಿರ್ತಾರೆ, ಅಜ್ಜಿ ಬದಲು ಮೊಮ್ಮಗಳು ಊದಿರ್ತಾಳೆ. ಅಕ್ಕಿಯಲ್ಲಿ ಕಲ್ಲು ಆರಿಸ್ದಂಗೆ ಆರಿಸ್ಬೇಕು. ಇಪ್ಪತ್ತನೇ ತಾರೀಖು ವರದಿ. ಅವತ್ತೇ ಕಲ್ಲೆಲ್ಲ ಅಳಿಸಿಹಾಕ್ತಾರೆ. ಎಷ್ಟು ಕಲ್ಲು ತೆಗೆದೆ ಅನ್ನೋದರ ಮೇಲೆ ನಿನ್ನ ಅಂಕ.”

ದೇವೀರಮ್ಮ ಎರಡು ವಾರ ಕೂತು ಕಂಪ್ಯೂಟರಿನಲ್ಲಿ ಒಂದು ಕ್ರಮವಿಧಿ ಬರೆದಳು. ಒಬ್ಬರು ವಾರಕ್ಕೆ ಹದಿನಾಲ್ಕು ಸಲ ಊದುತ್ತಾರೆ. ಅದರಲ್ಲಿ ಒಂದು ಬೇರೆಯಾದರೆ ಡಬ್ಬಿ ಸುಮ್ಮನಿರುತ್ತಿತ್ತು, ಎರಡಾದರೆ ನೋಟೀಸು. ಹಾಗೆ ಸುಮ್ಮನೆ ಬಿಟ್ಟವನ್ನು ಅವಳ ಕ್ರಮವಿಧಿ ಹೆಕ್ಕಿ ಒಂದು ಕಡೆ ರಾಶಿ ಹಾಕಿತು. ಎರಡು ಸಾವಿರದ ಚಿಲ್ಲರೆ ಸಾಲುಗಳು.

ಅದು ಮಂಗಳವಾರ ಮಧ್ಯಾಹ್ನ. ಕೆಳಗೆ ಕಂಪ್ರೆಸರ್ ನಿಂತು ಕೋಣೆ ಮೌನವಾಗಿತ್ತು. ಅವಳು ಊಟದ ಡಬ್ಬಿ ತೆರೆದಳು. ಮಂಗಳವಾರ ಯಾವಾಗಲೂ ಮೊಸರನ್ನ, ಯಾಕೆಂದರೆ ಸೋಮವಾರ ಸಂಜೆಯ ಹಾಲನ್ನು ಅವರ ಮನೆಯಲ್ಲಿ ಮಾರುತ್ತಿರಲಿಲ್ಲ, ಹೆಪ್ಪು ಹಾಕುತ್ತಿದ್ದರು. ಬಸವಪ್ಪನ ವಾರ. ತಿನ್ನುತ್ತಾ, ರಾಶಿ ಹಾಕಿದ ಸಾಲುಗಳ ಮೇಲೆ ಸುಮ್ಮನೆ ಕಣ್ಣಾಡಿಸಿದಳು. ಕಲ್ಲು ಎಸೆಯುವ ಮೊದಲು ಅಂಗೈಯಲ್ಲಿಟ್ಟು ಇನ್ನೊಂದು ಸಲ ನೋಡುವುದು ಮನೆಯಲ್ಲಿ ಕಲಿತ ಅಭ್ಯಾಸ. ಕಲ್ಲಿನ ಜೊತೆ ಎರಡು ಅಕ್ಕಿ ಕಾಳಾದರೂ ಬಂದಿರುತ್ತವೆ.

ಅರ್ಧದಷ್ಟು ಸಾಲುಗಳು ಸಂಜೆಯವಾಗಿದ್ದವು. ಬೋಂಡ ಸಂಜೆಯೇ ತಿನ್ನುವುದು, ಸರಿ. ಆದರೆ ಅವಳು ತಾರೀಖಿನ ಪಕ್ಕದಲ್ಲಿ ವಾರವನ್ನೂ ಬರೆಸಿದಾಗ ಕೈತುತ್ತು ಕೈಯಲ್ಲೇ ನಿಂತಿತು. ಮಂಗಳವಾರದವೆಲ್ಲ ಎಂಬತ್ತೆಂಟನೇ ನಂಬರಿನಿಂದ ಬಂದಿದ್ದವು. ಶುಕ್ರವಾರದವೆಲ್ಲ ನೂರ ಮೂರರಿಂದ. ಏಳು ವಾರ, ಏಳು ನಂಬರು, ಮೂರು ವರ್ಷದಲ್ಲಿ ಒಮ್ಮೆಯೂ ಅದಲುಬದಲಾಗಿಲ್ಲ. ತಪ್ಪುಗಳು ಇಷ್ಟು ಶಿಸ್ತಿನಿಂದ ನಡೆಯುವುದಿಲ್ಲ.

ಸೋಮವಾರದವು ಇನ್ನೂರ ಹದಿನಾಲ್ಕರಿಂದ.

ಅವಳು ಕೈ ತೊಳೆದು ಬಂದು ಆ ಸಾವಿರದ ಅರವತ್ತೊಂದು ಸಾಲುಗಳನ್ನು ಅವುಗಳ ನಂಬರಿನಿಂದ ಬಿಡಿಸಿ, ತಾರೀಖಿನ ಪ್ರಕಾರ ಒಂದರ ಹಿಂದೆ ಒಂದು ಜೋಡಿಸಿದಳು. ಒಂದೊಂದೂ ಅದರದರ ನಂಬರಿನಲ್ಲಿ ದೋಷವಾಗಿತ್ತು. ಒಟ್ಟಿಗೆ ನಿಲ್ಲಿಸಿದಾಗ ಒಂದೂ ದೋಷವಾಗಿರಲಿಲ್ಲ. ನಿನ್ನೆಗೆ ಇವತ್ತು, ಇವತ್ತಿಗೆ ನಾಳೆ ಒಪ್ಪವಾಗಿ ಹೊಂದುತ್ತಾ ಹೋದವು. ಪರದೆಯ ಮೇಲೆ ಒಬ್ಬ ಮನುಷ್ಯ ಇದ್ದ, ಅಥವಾ ಇದ್ದಳು. ಅಮೋನಿಯಾದ ಗೆರೆ ಮಾತ್ರ ಎಡದಿಂದ ಬಲಕ್ಕೆ ಕೆರೆ ಏರಿಯ ದಾರಿಯಂತೆ ಹತ್ತುತ್ತಿತ್ತು.

ಫರ್ಹಾನಾ ಮೇಡಂ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಹಲ್ಲು ಹುಳುಕಾದ್ರೂ ಅಮೋನಿಯಾ ಬರುತ್ತೆ,” ಎಂದರು. “ಆದ್ರೆ ಹಲ್ಲು ಮೂರು ವರ್ಷ ಒಂದೇ ಇಳಿಜಾರಲ್ಲಿ ಏರಲ್ಲ. ಮೂತ್ರಪಿಂಡ. ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಇನ್ನು ಆರೇಳು ತಿಂಗಳು ಹಿಂಗೇ ಬಿಟ್ರೆ ಆಮೇಲೆ ಔಷಧಿ ಕೆಲಸ ಮಾಡಲ್ಲ. ಯಾರಿವ್ರು?”

“ಗೊತ್ತಿಲ್ಲ ಮೇಡಂ.”

ಮೇಡಂ ಅವಳ ಮುಖ ನೋಡಿದರು. ಮೇಜಿನ ಮೇಲಿದ್ದ ಮೊಸರನ್ನದ ಡಬ್ಬಿಯನ್ನೂ ನೋಡಿದರು.

“ಗೊತ್ತಾದ್ರೂ ನನಗೆ ಹೇಳ್ಬೇಡ. ಹೇಳಿದ್ರೆ ನಾನು ಬರೀಬೇಕು. ಬರೆದ್ರೆ ನಿಯಮ ಹದಿನೇಳು. ತನ್ನ ನಂಬರಿಗೆ ಇನ್ನೊಬ್ಬರನ್ನ ಊದಿಸಿದವರ ನಂಬರು ರದ್ದು. ಏಳು ಮನೆ ಆಸ್ಪತ್ರೆ ಹೋಗುತ್ತೆ. ಊದಿದವರಿಗಂತೂ ಮೊದಲೇ ಇಲ್ಲ.” ಪರದೆಯ ಕಡೆ ಕೈ ತೋರಿ, “ಇಪ್ಪತ್ತನೇ ತಾರೀಖಿಗೆ ಹನ್ನೊಂದು ದಿನ ಇದೆ. ಅವತ್ತು ಈ ಸಾಲುಗಳು ಅಳಿಸಿಹೋದ್ರೆ ಇವ್ರು ಇದ್ರು ಅನ್ನೋದಕ್ಕೂ ಗುರುತು ಉಳಿಯಲ್ಲ. ಇವುಗಳನ್ನ ಏನಂತ ಬರೀತೀಯ ಯೋಚ್ನೆ ಮಾಡು.”

ಸಂಜೆ ಮನೆಯಲ್ಲಿ ಇಂಚರ ಒಲೆಯ ಮುಂದೆ ಕೂತು ಮುದ್ದೆ ತಿರುಗಿಸುತ್ತಿದ್ದಳು. ದೇವೀರಮ್ಮ ಬಾಗಿಲ ಹತ್ತಿರ ಕಂಬಕ್ಕೆ ಒರಗಿ ನಿಂತಳು.

“ಅವ್ವ, ಸೋಮ್ವಾರ ಸಂಜೆ ಹಾಲು ಮಾರ್ಬಾರ್ದು ಅಂತ ಯಾರು ಮಾಡಿದ್ದು?”

“ನಿಮ್ಮಜ್ಜಿ ಕಾಲದ್ದು ಕನವ್ವ. ಬಸಪ್ಪನ ವಾರ.”

“ನಾನು ಹೈಸ್ಕೂಲ್ಗೆ ಹೋಗೋವಾಗ ಸೋಮ್ವಾರಾನೂ ಡೈರಿಗೆ ಹೋಯ್ತಿದ್ದೆ ನೀನು.”

“ಬಸಪ್ಪ ಒಸಿ ತಡವಾಗಿ ಗ್ಯಾಪಕಕ್ಕೆ ಬಂದ ಅನ್ಕೊ.”

“ಎಂಬತ್ತೆಂಟು ಕಾಮಾಕ್ಷಕ್ಕಂದು. ಅವ್ರ ಮನೆಗೆ ಮಂಗಳವಾರ ಯಾವ ದೇವರು?”

“ಮಾರಮ್ಮ.”

“ಗುರುವಾರ?”

“ಜಬೀನಾನ ಮನೇದು. ದರ್ಗಾ ವಾರ ಅಲ್ವಾ ಅವ್ರಿಗೆ.”

“ಬುಧವಾರ ಯಾವ ದೇವರವ್ವ?”

ಇಂಚರ ಕೋಲು ನಿಲ್ಲಿಸಿ ಮಗಳ ಕಡೆ ತಿರುಗಿದಳು. ಮುಖದಲ್ಲಿ ಸಿಕ್ಕಿಬಿದ್ದವರ ಅಂಜಿಕೆಗಿಂತ ನಗುವೇ ಹೆಚ್ಚಿತ್ತು. “ಬುಧವಾರಕ್ಕೆ ದೇವ್ರು ಸಿಗ್ದೆ ಬೋ ಪಾಡಾಯ್ತು. ಕೊನೆಗೆ ಶಾರದಿ, ‘ನಮ್ಮತ್ತೆ ಸತ್ತ ವಾರ’ ಅಂದ್ಳು. ಆಯ್ತು ಅಂದೊ. ಇದನ್ನೆಲ್ಲ ಯಾರು ಯೋಳುದ್ರು ನಿಂಗೆ? ಲೋಹಿತನಾ?”

“ಯಾರೂ ಹೇಳಿಲ್ಲ. ಉಸಿರು ಹೇಳ್ತು.”

ಆಮೇಲೆ ಇಂಚರ ಮುಚ್ಚಿಡಲಿಲ್ಲ. ಹಳೆಯ ಆಲೆಮನೆಯಲ್ಲಿರುವ ಹನುಮಕ್ಕನ ವಿಷಯ ಅದು. ಕಬ್ಬು ಕಡಿಯುವವರ ಗುಂಪಿನ ಜೊತೆ ಕೂಡ್ಲಿಗಿ ಕಡೆಯಿಂದ ಬಂದವಳು. ಗುಂಪು ಹಿಂದಕ್ಕೆ ಹೋಯಿತು, ಅವಳು ಉಳಿದಳು. ಬೆಲ್ಲ ಬೇಯಿಸುವುದು ನಿಂತು ಪಾಳು ಬಿದ್ದಿದ್ದ ಆಲೆಮನೆಯಲ್ಲಿ ಒಂದು ಹಸು ಕಟ್ಟಿಕೊಂಡಳು. ಆಲೆಮನೆಗೆ ಮನೆ ನಂಬರಿಲ್ಲ. ಮನೆ ನಂಬರಿಲ್ಲದವರಿಗೆ ಸಂಘದ ನಂಬರಿಲ್ಲ. ಬೆಳಗಿನ ಹಾಲು ನಾಲೆ ಸೇತುವೆಯ ಚಹಾದಂಗಡಿಗೆ ಹೋಗುತ್ತಿತ್ತು. ಸಂಜೆಯ ಹಾಲು ಚೆಲ್ಲಬೇಕಿತ್ತು. ನಂಬರಿಲ್ಲದವರ ಹಾಲನ್ನು ನಂಬರಿದ್ದವರು ತಮ್ಮ ಲೆಕ್ಕದಲ್ಲಿ ಹಾಕಿಸಿಕೊಳ್ಳುವುದು ಡಬ್ಬಿಗಿಂತ ಹಳೆಯ ಪದ್ಧತಿ. ಡೈರಿ ಹುಟ್ಟಿದಾಗಿನಿಂದ ಇದ್ದದ್ದು. ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ.

“ಮೊದ್ಲು ವಾರಕ್ಕೆ ಮೂರು ಸಂಜೆ ನನ್ ನಂಬ್ರುಗೇ ಹಾಕುಸ್ದೆ. ಡಬ್ಬಿ ಕೆಂಪಗಾಗಿ ನೋಟೀಸು ಬಂತು. ಆಮೇಲೆ ಗೊತ್ತಾಯ್ತು, ವಾರಕ್ಕೊಂದು ತಪ್ಪ ಅದೂ ಹೊಟ್ಟೆಗಾಕ್ಕತದೆ ಅಂತ. ಏಳು ಜನ ಸೇರ್ಕಂಡೊ. ಒಬ್ಬೊಬ್ರುಗೆ ಒಂದೊಂದು ವಾರ. ಅವತ್ತು ನಮ್ ಹಾಲು ಹೆಪ್ಪಾಕೋದು, ನಮ್ ನಂಬ್ರುಗೆ ಅವ್ಳು ಊದೋದು.” ಇಂಚರ ಮತ್ತೆ ತಿರುಗಿಸತೊಡಗಿದಳು. “ಒಬ್ರಿಗೂ ಭಾರ ಇಲ್ಲ. ಬುದ್ವಂತ್ರು ಅಲ್ವಾ ನಾವು?”

“ಅವಳಿಗೆ ಮೂತ್ರಪಿಂಡ ಹೋಗ್ತಾ ಇದೆ ಅವ್ವ.”

ಕೋಲು ನಿಂತಿತು.

“ಒಂದೇ ನಂಬರಿಗೆ ಊದಿದ್ರೆ ಎರಡು ವರ್ಷದ ಹಿಂದೇನೇ ಚೀಟಿ ಬರೋದು. ನೀವು ಅವಳನ್ನ ಏಳು ಚೂರು ಮಾಡಿದ್ರಿ. ಒಂದೊಂದು ಚೂರನ್ನೂ ಡಬ್ಬಿ ಕಸ ಅಂತ ಎಸೀತು. ಇವತ್ತು ನಾನೂ ಎಸೀತಿದ್ದೆ.”

ಇಂಚರ ಒಲೆಯಲ್ಲಿ ಕೊಳ್ಳಿ ಹಿಂದಕ್ಕೆ ಎಳೆಯಬೇಕೆಂಬುದನ್ನು ಮರೆತಳು. ಮುದ್ದೆ ತಳ ಹಿಡಿದ ವಾಸನೆ ಮನೆಯಲ್ಲೆಲ್ಲ ತುಂಬಿತು. ಅಪ್ಪ ಬಂದು, “ಯಾಕೆ, ಏನಾಯ್ತು?” ಎಂದು ಕೇಳಿದ್ದಕ್ಕೆ, “ಏನಿಲ್ಲ, ಸೀದೋಯ್ತು,” ಎಂದಳು.

ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಆಲೆಮನೆಗೆ ಹೋದರು. ಹನುಮಕ್ಕ ಹಸುವಿನ ಮೈ ತಿಕ್ಕುತ್ತಿದ್ದಳು. ನಲವತ್ತೈದರ ಹೆಂಗಸು; ಕಣ್ಣಿನ ಕೆಳಗೆ ಊತ, ಪಾದ ಚಪ್ಪಲಿಯಿಂದ ಹೊರಗೆ ಉಕ್ಕಿತ್ತು.

“ಬರ್ರಿ ಬರ್ರಿ. ಇವತ್ತೇನು ಮಾಹಿತಿಯವ್ವನೂ ಬಂದಾಳ!” ಎಂದಳು. ದೇವೀರಮ್ಮನನ್ನು ಅವಳು ಕರೆಯುತ್ತಿದ್ದುದೇ ಹಾಗೆ.

ದೇವೀರಮ್ಮ ಹೇಳಬೇಕಾದದ್ದನ್ನು ತರಗತಿಯಲ್ಲಿ ಕಲಿಸಿದಂತೆ, ಅವಸರಿಸದೆ, ಮುಚ್ಚಿಡದೆ ಹೇಳಿದಳು. ಹನುಮಕ್ಕ ತಿಕ್ಕುವುದನ್ನು ನಿಲ್ಲಿಸದೆ ಕೇಳಿದಳು.

“ಕಾಲು ಬಾವು ಬರಾಕತ್ತಿ ಒಂದು ವರ್ಸ ಆತು. ನಾಲಿ ನೀರಿಂದ ಅನ್ಕಂಡಿದ್ದೆ. ಬಾಯಾಗ ಕಬ್ಬಿಣ ನೆಕ್ಕಿದಂಗ ಇರ್ತತಿ, ಉಂಡದ್ದು ರುಚಿನ ಇಲ್ಲ.” ಆಮೇಲೆ ಕೇಳಿದಳು, “ಎಷ್ಟು ದಿನ ಐತಿ?”

“ಈಗ್ಲೇ ಔಷಧಿ ಶುರುವಾದ್ರೆ ಬಹಳ ವರ್ಷ. ಇಲ್ಲದಿದ್ರೆ ಆರೇಳು ತಿಂಗಳಲ್ಲಿ ಬಹಳ ಕಷ್ಟ ಆಗುತ್ತೆ. ಗುರುವಾರದ ಸರದಿಲಿ ಎಂಟು ತಿಂಗಳು ಕಾಯಬೇಕು.”

ಹನುಮಕ್ಕ ಬೆರಳು ಮಡಚಿ ಏನೋ ಎಣಿಸಿದಳು. “ಇದು ಗಬ್ಬ ಐತಿ. ನಾಲ್ಕು ತಿಂಗಳಿಗೆ ಈಯತತಿ. ಅಷ್ಟರಮಟ ನನಗೇನೂ ಆಗಂಗಿಲ್ಲಲ್ಲ? ಆತು ಬಿಡು.”

“ಆತು ಬಿಡು ಅಂದ್ರೆ?” ಎಂದಳು ಇಂಚರ.

“ಅಂದ್ರ ಹಂಗ. ನನ್ನ ಸಲುವಾಗಿ ಏಳು ಮನಿ ನಂಬರು ತೆಗಸ್ತೀಯೇನು? ಜಬೀನಾನ ಗಂಡಗ ಹೃದಯದ ಗುಳಿಗಿ ಅಲ್ಲಿಂದನ ಬರ್ತಾವ. ನಾಳಿಂದ ನಾ ಡೈರಿಗೆ ಬರಂಗಿಲ್ಲ. ಯವ್ವ, ನೀನೂ ಆ ಸಾಲು ಅಳಿಸಿಬಿಡು. ಇದ್ದದ್ದ ಇಲ್ಲ ಅಂದ್ರ ಆತು.”

ಹಸು ತಲೆ ಅಲ್ಲಾಡಿಸಿ ನೊಣ ಓಡಿಸಿತು. ಹಿಂದಕ್ಕೆ ಬರುವಾಗ ಇಂಚರ ದಾರಿಯುದ್ದಕ್ಕೂ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನಡೆದಳು. ನಾಲೆಯ ಸೇತುವೆಯ ಹತ್ತಿರ ನಿಂತು ಕೇಳಿದಳು:

“ನಿಮ್ಮತ್ತೆ ಸತ್ತಾಗ ಅವ್ರ ನಂಬ್ರು ಅವ್ರ ಸೊಸೆಗೆ ಹೆಂಗೋಯ್ತು?”

ದೇವೀರಮ್ಮನ ಸೋದರತ್ತೆಯ ಮಾತು ಅದು. ಸಾಯುವುದಕ್ಕೆ ತಿಂಗಳ ಮೊದಲು ತಾನೇ ಡೈರಿಗೆ ಬಂದು ನಂಬರನ್ನು ಸೊಸೆಗೆ ಬರೆದುಕೊಟ್ಟಿದ್ದಳು.

ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ದೇವೀರಮ್ಮನಿಗೆ ತಿಳಿಯಿತು. “ಬೇಡ ಅವ್ವ,” ಎಂದಳು.

“ನಾನು ಕೇಳಿದ್ದು ಹೆಂಗೋಯ್ತು ಅಂತ.”

ಕಾಲೇಜಿನಲ್ಲಿ ದೇವೀರಮ್ಮ ನಿಯಮಗಳ ಪುಸ್ತಕ ತೆಗೆದು ಓದಿದಳು. ಸದಸ್ಯರು ಬದುಕಿದ್ದಾಗಲೇ ತಮ್ಮ ನಂಬರನ್ನು ತಾವು ಒಪ್ಪಿದ ಒಬ್ಬರಿಗೆ ಒಂದು ಸಲ ಬಿಟ್ಟುಕೊಡಬಹುದು. ಹೊಸಬರ ಮನೆ ನಂಬರು ವಿಚಾರಿಸುವ ಅಗತ್ಯವಿಲ್ಲ. ಆಸ್ಪತ್ರೆಯ ಹಕ್ಕು ಅದೇ ದಿನದಿಂದ ಹೊಸಬರಿಗೆ ಹೋಗುತ್ತದೆ. ಬಿಟ್ಟುಕೊಟ್ಟವರ ಉಸಿರಿನ ದಾಖಲೆಗೆ ಮೊಹರು ಬೀಳುತ್ತದೆ. ಐದು ವರ್ಷ ಅವರಿಗೆ ಹೊಸ ನಂಬರಿಲ್ಲ. ಹೊಸಬರಿಗೆ ಹಿಂದಿನ ಉಸಿರೇನಾದರೂ ಎಲ್ಲಿಯಾದರೂ ದಾಖಲಾಗಿದ್ದರೆ ಅಧ್ಯಾಪಕರ ರುಜುವಿನ ಮೇಲೆ ಸೇರಿಸಬಹುದು.

ಅವಳು ತಾಯಿಯ ಹದಿನೆಂಟು ವರ್ಷದ ದಾಖಲೆಯನ್ನು ತೆರೆದಳು. ಅದಕ್ಕೆ ಮುಂಚೆ ಅದನ್ನು ಯಾವತ್ತೂ ತೆರೆದಿರಲಿಲ್ಲ. ತೆರೆಯುವುದು ಸಭ್ಯತೆಯಲ್ಲ ಎನ್ನಿಸಿತ್ತು. ಪ್ರತಿ ವರ್ಷ ಶಿವರಾತ್ರಿಯ ದಿನ ಅಸಿಟೋನ್ ಒಂದು ಸಣ್ಣ ಗುಡ್ಡೆಯಾಗಿ ಏಳುತ್ತಿತ್ತು, ಎರಡು ದಿನದಲ್ಲಿ ಇಳಿಯುತ್ತಿತ್ತು. ಹದಿನೆಂಟು ಗುಡ್ಡೆ, ಹದಿನೆಂಟು ಉಪವಾಸ. ಅಜ್ಜಿ ತೀರಿಕೊಂಡ ತಿಂಗಳು ಗೆರೆಯೆಲ್ಲ ಕೆದರಿತ್ತು. ಉಳಿದಂತೆ ಆರೋಗ್ಯವಾದ, ಬೇಸರವಾಗುವಷ್ಟು ನೆಟ್ಟಗಿನ ಗೆರೆ. ಐದು ವರ್ಷ ಆ ಗೆರೆಯನ್ನು ಯಾರೂ ನೋಡುವವರಿರುವುದಿಲ್ಲ. ಐದ್ಹತ್ತು ನಿಮಿಷ ಕೂತು ನೋಡಿ ಮುಚ್ಚಿದಳು.

ಸಂಘದ ಕಚೇರಿಯಲ್ಲಿ ಲೋಹಿತ ಅರ್ಜಿಯನ್ನು ಎರಡು ಸಲ ಓದಿದ. ಐವತ್ತರ ಹತ್ತಿರದ, ತಲೆ ಬೋಳಾದ ಮನುಷ್ಯ.

“ಇಂಚರಕ್ಕ, ಇದು ಅತ್ತೆ ಸೊಸೆಗೆ ಕೊಡ್ಲಿ ಅಂತ ಮಾಡಿದ ನಿಯಮ.”

“ಅತ್ತೆ ಅಂತ ಬರ್ದವ್ರಾ?”

“ಬರ್ದಿಲ್ಲ.”

“ಸೊಸೆ ಅಂತ?”

“ಅದೂ ಇಲ್ಲ.”

“ಮತ್ತೆ ನೀನ್ಯಾಕೆ ನಂಟಸ್ತನ ಸೇರುಸ್ತೀಯ? ಒತ್ತು ಮೊಹರ.”

ಲೋಹಿತ ಮೊಹರು ಕೈಯಲ್ಲಿ ಹಿಡಿದುಕೊಂಡೇ ಇದ್ದ. “ಒತ್ತುದ್ರೆ ನಿಮ್ಮ ಹದಿನೆಂಟು ವರ್ಷದ ಉಸ್ರು ಮುಚ್ಚೋಯ್ತದೆ. ನಾಳೆ ಏನಾರ ಆದ್ರೆ ಗುರುವಾರದ ಸರದಿಲಿ ನಿಲ್ಬೇಕಾಯ್ತದೆ ನೀವು.”

“ಉಸ್ರು ನನ್ನತ್ರಾನೇ ಅದಲ್ಲಪ್ಪ. ಮುಚ್ಚೋದು ಕಾಗದ ತಾನೆ?” ಎಂದ ಇಂಚರ ಸ್ವರ ತಗ್ಗಿಸಿದಳು. “ಅವ್ಳ ಉಸ್ರ ಏಳು ಪಾಲು ಮಾಡೋ ಯೋಚ್ನೆ ನಂದು ಲೋಹಿತ. ಮಿಕ್ಕ ಆರು ಜನ ನನ್ ಮಾತು ಕೇಳುದ್ರು ಅಷ್ಟೆ.”

“ಯಾವ ಏಳು ಪಾಲು? ನಂಗೇನೂ ಗೊತ್ತಿಲ್ಲ.”

“ಸಂಜೆ ಹೊತ್ತು ಡಬ್ಬಿ ಮುಂದೆ ಕೂರೋನು ನೀನೇ ಅಲ್ವಾ?”

“ನನ್ ಕಣ್ಣು ಮಂಜು ಅಂತ ಡಾಕ್ಟ್ರೇ ಬರ್ದುಕೊಟ್ಟವ್ರೆ. ಚೀಟಿ ತೋರುಸ್ಲಾ?” ಎಂದು ಲೋಹಿತ ಮೊಹರು ಒತ್ತಿದ.

ಹನುಮಕ್ಕ ಒಪ್ಪಲಿಲ್ಲ. ಎರಡು ದಿನ ಡೈರಿಯ ಕಡೆ ಬರಲೂ ಇಲ್ಲ. ಮೂರನೇ ದಿನ ಸಂಜೆ ಇಂಚರ ಆಲೆಮನೆಗೆ ಹೋಗಿ, “ಬರ್ದಾಯ್ತು, ವಾಪಸ್ಸು ತಕ್ಕಳಕ್ಕಾಗಕಿಲ್ಲ. ನೀನು ಊದ್ದಿದ್ರೆ ಅದು ಖಾಲಿ ಬಿದ್ದಿರ್ತದೆ. ನಂಗೂ ಇಲ್ಲ, ನಿಂಗೂ ಇಲ್ಲ. ಅನ್ನ ಬಡ್ಸಿ ಆದ್ಮೇಲೆ ಬ್ಯಾಡ ಅಂತ ಎದ್ದೋಗೋದು ನಿಮ್ ಕಡೆ ಮರ್ಯಾದೆನಾ?” ಎಂದಳು.

“ಅಲ್ಲ,” ಎಂದಳು ಹನುಮಕ್ಕ. ಕ್ಯಾನು ಎತ್ತಿಕೊಂಡಳು.

ಅಷ್ಟರಲ್ಲಿ ದೇವೀರಮ್ಮ ಸಾವಿರದ ಅರವತ್ತೊಂದು ಸಾಲುಗಳನ್ನು ಇನ್ನೂರ ಹದಿನಾಲ್ಕರ ಹೊಸ ದಾಖಲೆಯಲ್ಲಿ ಕೂರಿಸಿದ್ದಳು. ‘ಮೂಲ: ಕಾಲೇಜಿನ ಸಂಗ್ರಹ’ ಎಂದಿದ್ದ ಕಡೆ ಫರ್ಹಾನಾ ಮೇಡಂ ಮೂಲವನ್ನು ಕೇಳದೆ ರುಜು ಹಾಕಿದರು.

ಡೈರಿಯಲ್ಲಿ ಹದಿನೈದು ಇಪ್ಪತ್ತು ಜನ ಸರದಿಯಲ್ಲಿದ್ದರು. ಆ ಏಳು ಮನೆಯ ಹೆಂಗಸರೂ ಇದ್ದರು. ಹನುಮಕ್ಕ ಎರಡು, ಒಂದು, ನಾಲ್ಕು ಒತ್ತಿ, ಕೊಳವೆ ಸಿಕ್ಕಿಸಿ ಊದಿದಳು. ಕೆಂಪು ದೀಪ ಹತ್ತಿತು. ಡಬ್ಬಿಯಿಂದ ಚೀಟಿ ನಾಲಿಗೆಯಂತೆ ಹೊರಗೆ ಬಂತು. ಕಂಬದಕೆರೆಯಲ್ಲಿ ಕೆಂಪು ದೀಪ ಕಂಡು ಜನ ಸಮಾಧಾನಪಟ್ಟದ್ದು ಅದೇ ಮೊದಲು. “ಹತ್ತುತಲ್ಲಪ್ಪ,” ಎಂದು ಕಾಮಾಕ್ಷಿ ಜೋರಾಗಿಯೇ ಹೇಳಿದಳು. ಜಬೀನಾ ಚೀಟಿಯನ್ನು ಹರಿಯದಂತೆ ಎಳೆದು ಹನುಮಕ್ಕನ ಕೈಗೆ ಕೊಟ್ಟಳು. ಹನುಮಕ್ಕ ಅದನ್ನು ಮಡಚಿ ಕುಪ್ಪಸದೊಳಗಿಟ್ಟು, ಮುಚ್ಚಳ ತೆರೆದಿದ್ದರಿಂದ ಹಾಲು ಸುರಿದಳು. ನಾಲ್ಕನೇ ದಿನಕ್ಕೆ ಆಸ್ಪತ್ರೆಯ ಗಾಡಿ ಆಲೆಮನೆಯ ಮುಂದೆ ನಿಂತಿತು.

ಇಪ್ಪತ್ತನೇ ತಾರೀಖಿನ ವರದಿಯಲ್ಲಿ ದೇವೀರಮ್ಮ, ಸಾವಿರದ ಅರವತ್ತೊಂದು ಸಾಲುಗಳು ದೋಷವಲ್ಲವೆಂದೂ ಅವು ಒಬ್ಬ ಸದಸ್ಯರವೆಂದೂ ಬರೆದಳು. ಕಲ್ಲು ಕಡಿಮೆಯಾದ್ದರಿಂದ ಅಂಕವೂ ಕಡಿಮೆಯಾಯಿತು. ಎರಡನೇ ದರ್ಜೆಯಲ್ಲಿ ಪಾಸಾಗಿ ಅದೇ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು.

ಹನುಮಕ್ಕನ ಅಮೋನಿಯಾದ ಗೆರೆ ಇಳಿಯಲಿಲ್ಲ. ಹೋದದ್ದು ಹೋಗಿತ್ತು. ಆದರೆ ಬೇಸಿಗೆಯ ಹೊತ್ತಿಗೆ ಏರುವುದು ನಿಂತು, ಮೇಲಿನ ಮಟ್ಟದಲ್ಲೇ ಅಡ್ಡಡ್ಡ ಸಾಗತೊಡಗಿತು. ಉಪ್ಪು ಬಿಡಿಸಿದ್ದಾರೆಂದು ಅವಳು ಆಸ್ಪತ್ರೆಯವರನ್ನು ಎಲ್ಲರ ಮುಂದೆ ಬೈಯುತ್ತಿದ್ದಳು. ಹಸು ಹೆಣ್ಣು ಕರು ಹಾಕಿತ್ತು.

ಮುಂದಿನ ಶಿವರಾತ್ರಿ ಸೋಮವಾರ ಬಂತು. ಮರುದಿನ ಮಧ್ಯಾಹ್ನ ದೇವೀರಮ್ಮ ವಾಡಿಕೆಯಂತೆ ತನ್ನ ಕ್ರಮವಿಧಿಯನ್ನು ಓಡಿಸಿದಳು. ಅದು ಹೊಂದದ ಸಾಲುಗಳನ್ನು ಹೆಕ್ಕಿ ರಾಶಿ ಹಾಕಿತು. ಎಸೆಯುವ ಮೊದಲು ಅವಳು ಅಂಗೈಯಲ್ಲಿಟ್ಟು ನೋಡಿದಳು. ಬೋಂಡ, ಹೆಂಡ, ಮೊಮ್ಮಕ್ಕಳು. ಅವುಗಳ ನಡುವೆ ಸಂಜೆಯ ಸಾಲುಗಳಿದ್ದವು. ಕಳೆದ ಮಂಗಳವಾರದ್ದು ಎಂಬತ್ತೆಂಟರಿಂದ, ಶುಕ್ರವಾರದ್ದು ನೂರ ಮೂರರಿಂದ. ನಿನ್ನೆಯದು ಇನ್ನೂರ ಹದಿನಾಲ್ಕರಿಂದ. ಸೋಮವಾರ ಕೊಟ್ಟೂರ ಬಸಪ್ಪನ ವಾರ, ಅವತ್ತು ಸಂಜೆಯ ಹಾಲು ತಾನು ಮಾರುವುದಿಲ್ಲವೆಂದು ಹನುಮಕ್ಕ ಡೈರಿಯಲ್ಲಿ ಸಾರಿ ವರ್ಷವಾಗುತ್ತಾ ಬಂದಿತ್ತು. ಅವಳ ಬದಲು ಯಾರು ಊದುತ್ತಿದ್ದಾರೆಂದು ಮಂಜುಗಣ್ಣಿನ ಲೋಹಿತ ನೋಡುತ್ತಿರಲಿಲ್ಲ.

ದೇವೀರಮ್ಮ ಅವುಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಮೊಹರು ಬಿದ್ದ ಹಳೆಯ ದಾಖಲೆ ಪಕ್ಕದಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಿನ್ನೆ ಸಂಜೆಯ ಸಾಲಿನಲ್ಲಿ ಅಸಿಟೋನ್ ಒಂದು ಸಣ್ಣ ಗುಡ್ಡೆಯಾಗಿ ಎದ್ದಿತ್ತು. ಉಪವಾಸ. ಮೊಣಕಾಲು ನೋವಿಟ್ಟುಕೊಂಡು ಬೇಡ ಎಂದರೆ ಅವ್ವ ಕೇಳುವವಳಲ್ಲ. ಉಳಿದದ್ದೆಲ್ಲ ನೆಟ್ಟಗಿತ್ತು.

ಅವಳು ಆ ಸಾಲುಗಳನ್ನು ಅಳಿಸದೆ ಬೇರೆ ಕಡೆ ಎತ್ತಿಟ್ಟು, ಊಟದ ಡಬ್ಬಿ ಬಿಚ್ಚಿದಳು. ಕೆಳಗೆ ಕಂಪ್ರೆಸರ್ ಶುರುವಾಯಿತು. ಮಂಗಳವಾರವಾದ್ದರಿಂದ ಮೊಸರನ್ನ. ಆಲೆಮನೆಯಲ್ಲೇ ಕಲಸಿ ಕಳಿಸಿದ್ದು. ಅದಕ್ಕೆ ಉಪ್ಪು ಹಾಕಿರಲಿಲ್ಲ.